ಮುಂಬಾರ, ಹಿಂಬಾರ: ಪಾದಯಾತ್ರೆಗೆ ಅಡುಗೆ ಟ್ರೈಲರ್ ಎಳೆಯೋರಿಗೆ

ಶಿವರಾತ್ರಿಗೆ ಇನ್ನು ತಿಂಗಳೂ ಇಲ್ಲ. ಧರ್ಮಸ್ಥಳಕ್ಕೆ ನಡೆದು ಹೋಗೋ ತಂಡಗಳು ನಮ್ಮ ಕಡೆ ಪಟ್ಟಿ ಬರೆಯೋಕೆ ಶುರು ಮಾಡಿವೆ. ಯಾರ್ಯಾರು ಬರ್ತಾರೆ, ಅಕ್ಕಿ ಯಾರ ಮನೇದು, ಬೇಳೆ ಯಾರ ಮನೇದು, ಅಡುಗೆಗೆ ಯಾರು ಅನ್ನೋದೆಲ್ಲ ಮುಗಿದ ಮೇಲೆ ಒಂದು ಮಾತು ಬಂದೇ ಬರುತ್ತೆ: ಸಾಮಾನು ಯಾವುದರಲ್ಲಿ ಹಾಕೋದು?

ಮೊದಲೆಲ್ಲ ಟ್ರ್ಯಾಕ್ಟರ್, ಇಲ್ಲಾಂದ್ರೆ ಬಾಡಿಗೆ ಪಿಕಪ್. ಈಗ ನಮ್ಮ ಸುತ್ತಮುತ್ತ ಹುಡುಗರ ಹತ್ರ ಥಾರ್, ಬೊಲೆರೊ, ಹಳೇ ಜೀಪು ಇವೆ. ಅದರ ಹಿಂದಕ್ಕೆ ಎರಡು ಚಕ್ರದ ಚಿಕ್ಕ ಟ್ರೈಲರ್ ಸಿಕ್ಕಿಸಿ, ಒಲೆ, ಸಿಲಿಂಡರ್, ನೀರಿನ ಟ್ಯಾಂಕು, ಚಾಪೆ, ಟಾರ್ಪಾಲು ಎಲ್ಲ ತುಂಬಿಕೊಂಡು ಹೋಗೋದು ಶುರುವಾಗಿದೆ. ಪಟ್ಟಣದೋರು ಇಂಥದ್ದನ್ನೇ ಕ್ಯಾಂಪಿಂಗ್ ಟ್ರೈಲರ್ ಅಂತಾರೆ. ಅವರದರಲ್ಲಿ ಇಬ್ಬರು ಮಲಗ್ತಾರೆ. ನಮ್ಮದರ ಮೇಲೆ 38 ಜನರ ಊಟ, ಹಾಸಿಗೆ ನಡೀಬೇಕು, ಅಷ್ಟೇ ವ್ಯತ್ಯಾಸ.

ನಮ್ಮ ತಂಡದ ಟ್ರೈಲರ್ ಎಳೆಯೋದು ನನ್ನ ತಮ್ಮನ ಮಗ, ಅವನ ಥಾರ್‌ನಲ್ಲಿ. ಟ್ರೈಲರ್ ಹಳೇ ಜೀಪ್ ಟ್ರೈಲರ್, ಸಕಲೇಶಪುರದ ಕಡೆಯಿಂದ ದಾಖಲೆ ಸಮೇತ ಕೊಂಡಿದ್ದು. ಈ ಸಲ ಹೊರಡೋಕೆ ಮುಂಚೆ ಅದನ್ನ ಕೊಬ್ಬರಿ ತೂಕ ಹಾಕೋ ಯಂತ್ರದ ಮೇಲೆ ನಿಲ್ಲಿಸಿ, ಸಾಮಾನು ಇಳಿಸಿ ಹತ್ತಿಸಿ, ಎರಡು ದಿನ ಲೆಕ್ಕ ಹಾಕಿದ್ದೀವಿ. ಆ ಲೆಕ್ಕ ಬೇರೆ ತಂಡದೋರಿಗೂ ಉಪಯೋಗಕ್ಕೆ ಬರಲಿ ಅಂತ ಬರೀತಿದ್ದೀನಿ. ಉದ್ದ ಇದೆ. ಟ್ರೈಲರ್ ಎಳೆಯೋ ಯೋಚನೆ ಇರೋರು ಪೂರ್ತಿ ಓದಿ.

ಯಾಕೆ ಇಷ್ಟು ತಲೆ ಕೆಡಿಸಿಕೊಂಡ್ವಿ ಅನ್ನೋದನ್ನ ಮೊದಲು ಹೇಳಿಬಿಡ್ತೀನಿ. ನಮ್ಮ ದಾರಿ ಎಲ್ಲರಿಗೂ ಗೊತ್ತಿರೋದೇ. ತಿಪಟೂರಿನ ಬಿ.ಎಚ್. ರಸ್ತೆ ಹಿಡಿದು ಅರಸೀಕೆರೆ, ಬಾಣಾವರ, ಹಳೇಬೀಡು, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಘಾಟಿ ಇಳಿದು ಉಜಿರೆ, ಅಲ್ಲಿಂದ ಧರ್ಮಸ್ಥಳ. ಉಜಿರೆವರೆಗೂ ಒಂದೇ ಹೆದ್ದಾರಿ, ಈಗಿನ ನಂಬರ್ 73. ನಡೆಯೋರು ಬಿಸಿಲಿಗೆ ಹೆದರಿ ಬೆಳಗಿನ ಜಾವ 3 ಗಂಟೆಗೇ ಹೊರಡ್ತಾರೆ. ಟ್ರೈಲರ್ ಹಿಂದೆ ಉಳಿದು, ಪಾತ್ರೆ ತೊಳೆದು, ಎಲ್ಲ ತುಂಬಿಕೊಂಡು, ದಾರೀಲಿ ನಡೀತಿರೋ ನಮ್ಮೋರನ್ನ ದಾಟಿ ಮುಂದಿನ ತಂಗೋ ಜಾಗಕ್ಕೆ ಹೋಗಿ ತಿಂಡಿಗೆ ಒಲೆ ಹಚ್ಚಬೇಕು. ಅಂದ್ರೆ ದಿನಕ್ಕೆ ಒಂದು ಸಲವೋ ಎರಡು ಸಲವೋ ಆ ಟ್ರೈಲರ್ ನಮ್ಮದೇ ಹೆಂಗಸರು, ವಯಸ್ಸಾದೋರು, ಹುಡುಗರ ಪಕ್ಕದಲ್ಲೇ ಹಾದು ಹೋಗುತ್ತೆ.

ಹೋದ ವರ್ಷ ಬೇಲೂರು ದಾಟಿದ ಮೇಲೆ ಒಂದು ಇಳಿಜಾರಿನಲ್ಲಿ ನಾವು ಸಾಲಾಗಿ ನಡೀತಿದ್ವಿ. ನಮ್ಮಮ್ಮ ನನ್ನ ಮುಂದೆ ಇದ್ದರು. ಹಿಂದಿನಿಂದ ನಮ್ಮ ಥಾರ್ ಬಂತು. ಗಾಡಿ ನೆಟ್ಟಗೇ ಬರ್ತಿದೆ, ಆದರೆ ಹಿಂದಿನ ಟ್ರೈಲರ್ ಎಡಕ್ಕೊಂದ್ಸಲ ಬಲಕ್ಕೊಂದ್ಸಲ ಬಾಲ ಹೊಡೀತಿದೆ. ಒಂದೊಂದು ಸಲಕ್ಕೂ ಹೆಚ್ಚಾಗ್ತಿದೆ. ನಾವೆಲ್ಲ ಚರಂಡಿಗೆ ಇಳಿದ್ವಿ. ಹುಡುಗ ಬ್ರೇಕ್ ತುಳೀಲಿಲ್ಲ, ಸ್ಟೇರಿಂಗ್ ತಿರುಗಿಸಲಿಲ್ಲ. ಕಾಲು ತೆಗೆದು ಸುಮ್ಮನೆ ನೆಟ್ಟಗೆ ಹಿಡಿದ. ವೇಗ ಇಳಿದ ಹಾಗೆ ಬಾಲ ಹೊಡೆಯೋದೂ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆ ಹೊತ್ತಿಗೆ ಅವನು ಮಾಡಿದ್ದೇ ಸರಿ ಅಂತ ಆಮೇಲೆ ತಿಳ್ಕೊಂಡ್ವಿ. ಗಾಬರಿಯಲ್ಲಿ ಗಟ್ಟಿ ಬ್ರೇಕ್ ತುಳಿದಿದ್ರೆ ಟ್ರೈಲರ್ ಹಿಂದಿನಿಂದ ತಳ್ಳಿ, ಗಾಡಿ ಅಡ್ಡ ತಿರುಗಿ, ಎರಡೂ ಚರಂಡಿ ಕಡೆಗೇ ಬರೋವು.

ಟ್ರೈಲರ್ ಹಾಗೆ ಯಾಕೆ ಆಡಿತು? ಟೈರ್ ನೋಡಿದ್ರು, ಬೇರಿಂಗ್ ನೋಡಿದ್ರು, ಕೊಂಡಿ ನೋಡಿದ್ರು. ಎಲ್ಲ ಸರಿ ಇತ್ತು. ಉತ್ತರ ಹೇಳಿದ್ದು ನಮ್ಮ ಸೋದರಮಾವ. ಅವರಿಗೀಗ 78. ವಯಸ್ಸಿನಲ್ಲಿ ಎತ್ತಿನ ಗಾಡೀಲಿ ತಿಪಟೂರಿಗೆ ಕೊಬ್ಬರಿ ಹೊಡೆದೋರು. ಊರಿಗೆ ಬಂದ ಮೇಲೆ ಟ್ರೈಲರ್ ತುಂಬಿದ್ದು ಹೆಂಗೆ ಅಂತ ಕೇಳಿದ್ರು. ನೀರಿನ ಟ್ಯಾಂಕು ಹಿಂದೆ, ನಲ್ಲಿ ಹಿಂದಕ್ಕಿದ್ರೆ ಹಿಡಿಯೋಕೆ ಸಲೀಸು ಅಂತ ಹುಡುಗರು ಹೇಳಿದ್ರು. ಮಾವ ಅಂದಿದ್ದು ಇಷ್ಟೇ: "ಹಿಂಬಾರ ಆಗದೆ ಕಣ್ರಲಾ. ಗಾಡಿ ಹೊಡೆದೋರು ಯಾರೂ ಇರ್ಲಿಲ್ವಾ ನಿಮ್ಮ ಜೊತೆ?"

ನಲವತ್ತು ದಾಟಿದೋರಿಗೆ ಈ ಮಾತು ವಿವರಿಸೋದು ಬೇಡ. ಚಿಕ್ಕೋರಿಗೆ ಹೇಳ್ತೀನಿ. ಎತ್ತಿನ ಗಾಡಿಗೆ ಇರೋದು ಒಂದೇ ಅಚ್ಚು. ಅಚ್ಚಿನ ಮುಂದೆ ಭಾರ ಜಾಸ್ತಿ ಆದ್ರೆ ಮುಂಬಾರ, ನೊಗ ಎತ್ತಿನ ಹೆಗಲ ಮೇಲೆ ಕೂರುತ್ತೆ, ಹೆಗಲು ಬಾತುಕೊಳ್ಳುತ್ತೆ. ಹಿಂದೆ ಜಾಸ್ತಿ ಆದ್ರೆ ಹಿಂಬಾರ, ಮೂಕಿ ಮೇಲಕ್ಕೇಳುತ್ತೆ, ನೊಗ ಎದ್ದು ಕೊರಳ ಹಗ್ಗ ಎತ್ತಿನ ಗಂಟಲು ಹಿಡಿಯುತ್ತೆ. ಎರಡೂ ಆಗಬಾರದು. ನೊಗ ಹೆಗಲ ಮೇಲೆ ಹಗುರವಾಗಿ ಕೂತಿರಬೇಕು. ಏರು ಬಂದ್ರೆ ಗಾಡಿ ಹೊಡೆಯೋನು ಮುಂದಕ್ಕೆ ಸರೀತಿದ್ದ, ಇಳಿಜಾರು ಬಂದ್ರೆ ಹಿಂದಕ್ಕೆ. ಇದನ್ನ ಯಾರೂ ಕೂತು ಕಲಿಸಿದ್ದಲ್ಲ, ಎತ್ತು ನೋಡಿಯೇ ಗೊತ್ತಾಗ್ತಿತ್ತು.

ಜೀಪಿನ ಹಿಂದಿನ ಟ್ರೈಲರ್ರೂ ಒಂದಚ್ಚಿನ ಗಾಡಿಯೇ. ಎತ್ತಿನ ಹೆಗಲ ಜಾಗದಲ್ಲಿ ಜೀಪಿನ ಕೊಂಡಿ ಇದೆ. ಮುಂಬಾರ ಜಾಸ್ತಿ ಆದ್ರೆ ಜೀಪಿನ ಹಿಂಭಾಗ ಕುಗ್ಗಿ ಮುಂದಿನ ಚಕ್ರ ಹಗುರಾಗುತ್ತೆ, ಸ್ಟೇರಿಂಗ್ ತೇಲಿದ ಹಾಗಾಗುತ್ತೆ, ರಾತ್ರಿ ಹೆಡ್‌ಲೈಟು ಆಕಾಶ ನೋಡುತ್ತೆ. ಹಿಂಬಾರ ಆದ್ರೆ ಟ್ರೈಲರ್ ಬಾಲ ಹೊಡೆಯುತ್ತೆ, ವೇಗ ಹೆಚ್ಚಿದಷ್ಟೂ ಹೆಚ್ಚು ಹೊಡೆಯುತ್ತೆ. ಒಂದೇ ವ್ಯತ್ಯಾಸ ಅಂದ್ರೆ ಎತ್ತು ಕೆಮ್ಮಿ, ತಲೆ ಕೊಡವಿ ಹೇಳ್ತಿತ್ತು. ಜೀಪು ಹೇಳಲ್ಲ. 30ರ ವೇಗದಲ್ಲಿ ಎಲ್ಲ ಸರಿ ಇದೆ ಅನ್ನಿಸುತ್ತೆ, ಇಳಿಜಾರಲ್ಲಿ 60 ಮುಟ್ಟಿದಾಗ ಗೊತ್ತಾಗುತ್ತೆ.

ಎಷ್ಟು ಮುಂಬಾರ ಇರಬೇಕು? ಅಮೆರಿಕದಲ್ಲಿ ಒಟ್ಟು ತೂಕದ ಶೇ. 10ರಿಂದ 15 ಕೊಂಡಿ ಮೇಲೆ ಇರಲಿ ಅಂತಾರೆ. ಯೂರೋಪಿನೋರು ಇನ್ನೂ ಕಮ್ಮಿ ಇಟ್ಕೋತಾರೆ, ಅಲ್ಲಿ ಟ್ರೈಲರ್ ಎಳೆಯೋ ವೇಗವೂ ಕಮ್ಮಿ. ನಾವು ಶೇ. 10 ಅಂತ ಹಿಡ್ಕೊಂಡ್ವಿ. 600 ಕಿಲೋ ಟ್ರೈಲರ್ ಅಂದ್ರೆ ಕೊಂಡಿ ಮೇಲೆ 60 ಕಿಲೋ. ಈ 60 ಕಿಲೋ ಜೀಪು ಹೊರೋ ಭಾರಕ್ಕೇ ಸೇರುತ್ತೆ, ಹಿಂದಿನ ಸೀಟಿನಲ್ಲಿ ಒಬ್ಬ ಆಳು ಹೆಚ್ಚಿಗೆ ಕೂತ ಹಾಗೆ.

ಅಳೆಯೋದು ಸುಲಭ. ಕೊಬ್ಬರಿ ತೂಕದ ಎಲೆಕ್ಟ್ರಾನಿಕ್ ಯಂತ್ರ ನಮ್ಮಲ್ಲಿ ಯಾರ ಮನೇಲಾದ್ರೂ ಇದ್ದೇ ಇರುತ್ತೆ. ಸಮನಾದ ಜಾಗದಲ್ಲಿ ಟ್ರೈಲರ್ ನಿಲ್ಲಿಸಿ, ಚಕ್ರಕ್ಕೆ ಮುಂದೆ ಹಿಂದೆ ಕಲ್ಲು ಕೊಡಿ. ಜೀಪಿಂದ ಬಿಚ್ಚಿ, ಕೊಂಡಿಯ ಕೆಳಗೆ ಒಂದು ಗಟ್ಟಿ ಮರದ ತುಂಡು ನಿಲ್ಲಿಸಿ, ಅದನ್ನ ಯಂತ್ರದ ಮೇಲೆ ಇಡಿ. ಟ್ರೈಲರ್‌ನ ಮೂತಿ ಜೀಪಿಗೆ ಹಾಕಿದಾಗ ಎಷ್ಟು ಎತ್ತರ ಇರುತ್ತೋ ಅಷ್ಟೇ ಎತ್ತರ ಇರಬೇಕು. ಯಂತ್ರ ತೋರಿಸೋದೇ ಕೊಂಡಿ ಭಾರ. ಒಟ್ಟು ತೂಕಕ್ಕೆ ಬೇಕಾದ್ರೆ ವೇಬ್ರಿಡ್ಜ್‌ಗೆ ಹೋಗಿ. ಇಲ್ಲಾಂದ್ರೆ ನಾವು ಮಾಡಿದ ಹಾಗೆ ಸಾಮಾನು ಒಂದೊಂದಾಗಿ ತೂಗಿ ಕೂಡಿಸಿ.

ನಮ್ಮ ಪಟ್ಟಿ ಇದು. ಹೋದ ವರ್ಷ ತುಂಬಿದ ಹಾಗೇ ಮೊದಲು ತುಂಬಿ ನೋಡಿದ್ವಿ.

ಖಾಲಿ ಟ್ರೈಲರ್ 300 ಕಿಲೋ.
ನೀರು 200 ಲೀಟರ್, ಅಂದ್ರೆ 200 ಕಿಲೋ.
ಅಕ್ಕಿ, ಬೇಳೆ, ರವೆ, ಎಣ್ಣೆ, ತರಕಾರಿ 150 ಕಿಲೋ.
ಒಲೆ, ಪಾತ್ರೆ, ಟಾರ್ಪಾಲು 80 ಕಿಲೋ.
ತುಂಬಿದ ಸಿಲಿಂಡರ್ ಎರಡು 70 ಕಿಲೋ.
38 ಜನರ ಹಾಸಿಗೆ, ಬ್ಯಾಗು 120 ಕಿಲೋ.

ಒಟ್ಟು 920 ಕಿಲೋ. ಕೊಂಡಿ ಮೇಲೆ ಎಷ್ಟು? 12 ಕಿಲೋ. ಯಂತ್ರದ ಅಂಕಿ ನೋಡಿ ಹುಡುಗರು ಸುಮ್ಮನಾದ್ರು. 920 ಕಿಲೋ ಗಾಡಿ ಮೂತಿಯನ್ನ ಒಂದು ಕೈಯಲ್ಲಿ ಎತ್ತಬಹುದಿತ್ತು. ಮಾವ ಕುರ್ಚಿ ಮೇಲೆ ಕೂತಿದ್ದೋರು ನಕ್ಕರು, ಏನೂ ಹೇಳಲಿಲ್ಲ.

ಇಲ್ಲಿ ಎರಡು ತೊಂದರೆ ಇವೆ. ಒಂದು ಹಂಚಿಕೆ, ಇನ್ನೊಂದು ಒಟ್ಟು ಭಾರ. ಬೇರೆ ಬೇರೆಯಾಗಿ ಹೇಳ್ತೀನಿ.

ಹಂಚಿಕೆ ಲೆಕ್ಕ ತೊಟ್ಟಿಲ ಲೆಕ್ಕದ ಹಾಗೆ ಸಲೀಸು. ನಮ್ಮ ಟ್ರೈಲರ್‌ನಲ್ಲಿ ಕೊಂಡಿಯಿಂದ ಅಚ್ಚಿಗೆ 6 ಅಡಿ. ಅಚ್ಚಿಂದ 3 ಅಡಿ ಹಿಂದೆ 100 ಕಿಲೋ ಇಟ್ಟರೆ ಕೊಂಡಿ ಮೇಲಿನ ಭಾರ 50 ಕಿಲೋ ಇಳಿಯುತ್ತೆ. ಅದೇ 100 ಕಿಲೋ ಅಚ್ಚಿಂದ 3 ಅಡಿ ಮುಂದೆ ಇಟ್ಟರೆ 50 ಕಿಲೋ ಏರುತ್ತೆ. ಅಚ್ಚಿನ ಮೇಲೇ ಇಟ್ಟರೆ ಕೊಂಡಿಗೆ ಏನೂ ಗೊತ್ತಾಗಲ್ಲ. ದೂರವನ್ನ ತೂಕದಿಂದ ಗುಣಿಸಿ, ಕೊಂಡಿಯ ದೂರದಿಂದ ಭಾಗಿಸಿ, ಮುಗೀತು. ಹೋದ ವರ್ಷ 200 ಲೀಟರ್ ಟ್ಯಾಂಕು ಹಿಂದಿನ ತುದಿಗೆ ಇದ್ದಿದ್ದು ಒಬ್ಬಂಟಿಯಾಗಿ 100 ಕಿಲೋ ಕೊಂಡಿ ಭಾರ ತಿಂದು ಹಾಕಿತ್ತು.

ಇಲ್ಲಿ ಇನ್ನೊಂದು ವಿಷಯ ಗಮನಿಸಿ. ನೀರು, ಅಕ್ಕಿ, ಗ್ಯಾಸು ದಿನ ಕಳೆದ ಹಾಗೆ ಖರ್ಚಾಗುತ್ತೆ. ಮುಂದಿಟ್ಟ ಅಕ್ಕಿ ಮೂಟೆ ಖಾಲಿಯಾಗಿ, ಹಿಂದಿಟ್ಟ ಪಾತ್ರೆ ಹಾಗೇ ಉಳಿದ್ರೆ, ಮನೆ ಬಿಟ್ಟಾಗ ಸರಿ ಇದ್ದ ಗಾಡಿ ಮೂರನೇ ದಿನಕ್ಕೆ ಹಿಂಬಾರ. ಅದಕ್ಕೇ ಖರ್ಚಾಗೋ ಭಾರ ಆದಷ್ಟೂ ಅಚ್ಚಿನ ಮೇಲೆ ಇರಬೇಕು. ಖರ್ಚಾಗದೆ ಇರೋದು, ಅಂದ್ರೆ ಒಲೆ, ಪಾತ್ರೆ, ಅದು ಮುಂದೆ. ಹಿಂದಿನ ತುದಿಗೆ ಚಾಪೆ, ಸೊಪ್ಪಿನ ಚೀಲ, ಟಾರ್ಪಾಲು ಇಂಥ ಹಗುರಾದ್ದು ಮಾತ್ರ. ಸಿಲಿಂಡರ್ ನೆಟ್ಟಗೆ ನಿಲ್ಲಿಸಿ, ಸರಪಳಿ ಹಾಕಿ, ರೆಗ್ಯುಲೇಟರ್ ಬಿಚ್ಚಿ, ಮುಚ್ಚಳ ಹಾಕಿಯೇ ಸಾಗಿಸಬೇಕು.

ನೀರಿನ ಬಗ್ಗೆ ಇನ್ನೂ ಒಂದು ಮಾತು. ತುಂಬಿದ ಕೊಡ ತುಳುಕೋದಿಲ್ಲ ಅನ್ನೋ ಗಾದೆ ಇಲ್ಲಿ ಅಕ್ಷರಶಃ ನಿಜ. ಅರ್ಧ ಖಾಲಿ ಟ್ಯಾಂಕಿನಲ್ಲಿ ನೀರು ತಿರುವಿಗೊಂದ್ಸಲ ಒಂದೊಂದು ಕಡೆಗೆ ಬಡಿಯುತ್ತೆ, ಬ್ರೇಕ್ ಹಾಕಿದಾಗ ಮುಂದಕ್ಕೆ ನುಗ್ಗುತ್ತೆ. ದೊಡ್ಡ ಟ್ಯಾಂಕು ತೆಗೆದು 50 ಲೀಟರಿನ ಎರಡು ಕ್ಯಾನು ಮಾಡಿದ್ವಿ. ಒಂದು ಖಾಲಿಯಾದ ಮೇಲೇ ಇನ್ನೊಂದು ಮುಟ್ಟೋದು. ಹೊರಡೋ ಹೊತ್ತಿಗೆ ಒಂದು ಅರ್ಧ ಉಳಿದಿದ್ರೆ ನಡೆಯೋರ ಬಾಟಲಿಗೆ ತುಂಬಿಸಿಬಿಡೋದು.

ಈಗ ಒಟ್ಟು ಭಾರ. ನಮ್ಮ ಟ್ರೈಲರ್‌ಗೆ ಸ್ವಂತ ಬ್ರೇಕ್ ಇಲ್ಲ. ಈ ಗಾತ್ರದ ಹಳೇ ಜೀಪ್ ಟ್ರೈಲರ್‌ಗಳಲ್ಲಿ ಬಹಳಕ್ಕೆ ಇರಲ್ಲ. ಅಂದ್ರೆ ಟ್ರೈಲರ್ರನ್ನೂ ನಿಲ್ಲಿಸಬೇಕಾದ್ದು ಜೀಪಿನ ಬ್ರೇಕೇ. ಯೂರೋಪಿನಲ್ಲಿ ಬ್ರೇಕ್ ಇಲ್ಲದ ಟ್ರೈಲರ್ ಸಾಮಾನು ಸಮೇತ 750 ಕಿಲೋ ಮೀರೋ ಹಾಗಿಲ್ಲ. ಬ್ರಿಟನ್ನಿನಲ್ಲಿ ಅದರ ಜೊತೆಗೆ ಎಳೆಯೋ ಗಾಡಿಯ ತೂಕದ ಅರ್ಧವನ್ನೂ ಮೀರಬಾರದು. ನಮ್ಮ 920 ಈ ಮಿತಿ ದಾಟಿ ಎಲ್ಲೋ ಹೋಗಿತ್ತು.

ಈ ಟ್ರೈಲರ್ ಯಾವುದಕ್ಕೆ ಹುಟ್ಟಿದ್ದು ಅಂತ ನೋಡಿದ್ರೂ ಅಷ್ಟೇ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಜೀಪಿನ ಹಿಂದೆ ಎಳೀತಿದ್ದ ಚಿಕ್ಕ ಟ್ರೈಲರ್‌ಗೆ ಕಾಲು ಟನ್ ಟ್ರೈಲರ್ ಅಂತಲೇ ಹೆಸರು. ಅದನ್ನ ಮಾಡ್ತಿದ್ದೋರಲ್ಲಿ ಅಮೆರಿಕನ್ ಬ್ಯಾಂಟಮ್ ಕಂಪನಿ ಮುಖ್ಯ. 1940ರಲ್ಲಿ ಮೊದಲ ಜೀಪು ಮಾಡಿದ್ದೂ ಅದೇ ಕಂಪನಿ, ಜೀಪಿನ ದೊಡ್ಡ ಆರ್ಡರ್ ಮಾತ್ರ ಬೇರೆಯೋರಿಗೆ ಹೋಯ್ತು. ಆ ಟ್ರೈಲರ್‌ಗೆ ದಾರಿ ಇಲ್ಲದ ಜಾಗದಲ್ಲಿ ಹೇರೋಕೆ ಹೇಳಿದ್ದ ಭಾರ 500 ಪೌಂಡ್, ಅಂದ್ರೆ 227 ಕಿಲೋ ಅಷ್ಟೇ. ನಾವು ಹೇರಿದ್ದು 620. ಅವರ ಒಂದು ಜಾಣತನ ಈಗಲೂ ಅನುಸರಿಸಬಹುದು: ಜೀಪಿಗೂ ಟ್ರೈಲರ್ರಿಗೂ ಒಂದೇ ಅಳತೆಯ ಚಕ್ರ ಹಾಕಿದ್ರು. ಒಂದು ಸ್ಟೆಪ್ನಿ ಇದ್ರೆ ಎರಡಕ್ಕೂ ಆಗುತ್ತೆ. ಟ್ರೈಲರ್ ಟೈರ್ ಪಂಕ್ಚರ್ ಆಗಿ ಮೂಡಿಗೆರೆ ರಸ್ತೇಲಿ ರಾತ್ರಿ ನಿಂತೋರಿಗೆ ಇದರ ಬೆಲೆ ಗೊತ್ತು.

ಭಾರ ಇಳಿಸೋಕೆ ಹೊಸದೇನೂ ಬೇಕಾಗಲಿಲ್ಲ, ಸ್ವಲ್ಪ ಯೋಚನೆ ಸಾಕಾಯ್ತು. ನೀರು ದಾರಿಯುದ್ದಕ್ಕೂ ಸಿಗುತ್ತೆ, 200 ಲೀಟರ್ ಹೊತ್ತು ತಿರುಗೋದು ಯಾಕೆ? 100 ಸಾಕು. ದಿನಸಿ ಎಲ್ಲ ಊರಿಂದಲೇ ಯಾಕೆ? ಅರ್ಧ ತಗೊಂಡು ಹೋಗಿ, ಉಳಿದಿದ್ದು ಬೇಲೂರಿನಲ್ಲಿ ಕೊಳ್ಳೋಣ. ಹಾಸಿಗೆ, ಬ್ಯಾಗು ಎಲ್ಲ ಜೊತೆಗೆ ಬರೋ ಇನ್ನೊಂದು ಬೊಲೆರೊ ಒಳಕ್ಕೆ. ಈಗ ಲೆಕ್ಕ: ಟ್ರೈಲರ್ 300, ನೀರು 100, ದಿನಸಿ 75, ಒಲೆ ಪಾತ್ರೆ 80, ಸಿಲಿಂಡರ್ 70. ಒಟ್ಟು 625 ಕಿಲೋ. ಮೇಲೆ ಹೇಳಿದ ಹಾಗೆ ಜೋಡಿಸಿದ ಮೇಲೆ ಕೊಂಡಿ ಮೇಲೆ 62 ಕಿಲೋ ಬಂತು. ಹತ್ತಿರ ಹತ್ತಿರ ಶೇ. 10. ಆಮೇಲೆ ಯಾವ ಸಾಮಾನು ಎಲ್ಲಿ ಅಂತ ಟ್ರೈಲರ್ ಹಲಗೆ ಮೇಲೆ ಬಣ್ಣದಲ್ಲಿ ಬರೆದಿದ್ದೀವಿ. ಬೆಳಗಿನ ಜಾವ ನಿದ್ದೆಗಣ್ಣಲ್ಲಿ ತುಂಬೋನು ಲೆಕ್ಕ ಹಾಕೋಕಾಗಲ್ಲ, ಓದೋಕಾಗುತ್ತೆ.

ನಿಮ್ಮ ಗಾಡಿ ಎಷ್ಟು ಎಳೀಬಹುದು ಅನ್ನೋದನ್ನ ಅದರ ಜೊತೆ ಬಂದ ಕೈಪಿಡಿ ನೋಡಿ ತಿಳ್ಕೊಳ್ಳಿ. ಎಂಜಿನ್ ಎಳೆಯುತ್ತೆ ಅನ್ನೋದು ಲೆಕ್ಕಕ್ಕೆ ಬರಲ್ಲ. ಈಗಿನ ಡೀಸೆಲ್ ಎಂಜಿನ್ ಏನು ಬೇಕಾದ್ರೂ ಎಳೆದುಬಿಡುತ್ತೆ, ಅದೇ ಮೋಸ. ನಿಲ್ಲಿಸೋದು ಬೇರೆ. ವೇಗ 40ರಿಂದ 60ಕ್ಕೆ ಏರಿದ್ರೆ ಬ್ರೇಕ್ ತಡೀಬೇಕಾದ ಶಕ್ತಿ ಒಂದೂವರೆ ಪಟ್ಟು ಅಲ್ಲ, ಎರಡೂಕಾಲು ಪಟ್ಟು. 80ಕ್ಕೆ ನಾಲ್ಕು ಪಟ್ಟು. ನಮ್ಮ ತಂಡದಲ್ಲಿ ತೀರ್ಮಾನ ಮಾಡಿರೋದು: ಟ್ರೈಲರ್ ಇದ್ದಾಗ 40 ಮೀರೋದಿಲ್ಲ, ನಡೆಯೋರನ್ನ ದಾಟುವಾಗ 15. ಹಿಂದಿನ ಬಸ್ಸು ಹಾರ್ನ್ ಹೊಡೀಲಿ, ಜಾಗ ಸಿಕ್ಕಾಗ ಪಕ್ಕಕ್ಕೆ ತೆಗೆದು ಬಿಡೋದು.

ಘಾಟಿ ಇಳಿಯೋದರ ಬಗ್ಗೆ. 2019ರ ಮಳೇಲಿ ಗುಡ್ಡ ಕುಸಿದ ಮೇಲೆ ಚಾರ್ಮಾಡೀಲಿ ಭಾರಿ ವಾಹನಗಳಿಗೆ ನಿರ್ಬಂಧ ಬಂತು. ಹೊರಡೋ ಮುಂಚೆ ಆಗ ಯಾವ ನಿಯಮ ಇದೆ, ಟ್ರೈಲರ್ ಬಿಡ್ತಾರಾ ಅಂತ ಪೊಲೀಸ್ ಠಾಣೇಲಿ ಕೇಳಿಕೊಂಡೇ ಹೊರಡಿ. ನಾವು ಕೊಟ್ಟಿಗೆಹಾರದಲ್ಲಿ ನಿಂತು ನೀರೆಲ್ಲ ಖಾಲಿ ಮಾಡ್ತೀವಿ, 100 ಕಿಲೋ ಅಲ್ಲೇ ಇಳಿಯುತ್ತೆ. ಕೆಳಗೆ ಹೋಗಿ ತುಂಬಿಸಿಕೊಂಡ್ರಾಯ್ತು. ಇಳಿಯೋಕೆ ಶುರು ಮಾಡೋ ಮುಂಚೆಯೇ ಎರಡನೇ ಗೇರ್. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದ್ರೆ ಬ್ರೇಕ್ ಕಾಯ್ದು ಕೊನೇ ತಿರುವಿಗೆ ಹಿಡಿಯೋದೇ ಇಲ್ಲ. ಒಂದ್ಸಲ ಗಟ್ಟಿ ಒತ್ತಿ ವೇಗ ಇಳಿಸಿ ಕಾಲು ತೆಗೀರಿ, ಮತ್ತೆ ಬೇಕಾದಾಗ ಒತ್ತಿ. ತಿರುವಿಗೆ ಮುಂಚೆ ನಿಧಾನ ಮಾಡಬೇಕು, ತಿರುವಿನ ಒಳಗೆ ಬ್ರೇಕ್ ಹಾಕಬಾರದು. ಒಳಗೆ ಹಾಕಿದ್ರೆ ಹಿಂದಿನ ಭಾರ ಹೋರಿ ಗುಮ್ಮಿದ ಹಾಗೆ ಜೀಪಿನ ಹಿಂಭಾಗವನ್ನ ಪಕ್ಕಕ್ಕೆ ತಳ್ಳುತ್ತೆ. ಮಾವನ ಕಾಲದಲ್ಲಿ ಕಡಿದಾದ ಇಳಿಜಾರು ಬಂದ್ರೆ ಗಾಡಿಗೆ ಹಿಂದಿನಿಂದ ಹಗ್ಗ ಕಟ್ಟಿ ನಾಲ್ಕು ಜನ ಹಿಡಿದು ನಡೀತಿದ್ರಂತೆ.

ಫೋರ್ ವೀಲ್ ಇದೆಯಲ್ಲ ಅಂತ ಒಣ ಡಾಂಬರಿನ ಮೇಲೆ ಅದನ್ನ ಹಾಕಿಕೊಂಡು ಹೋಗಬೇಡಿ. ನಮ್ಮ ಥಾರ್, ಹಳೇ ಜೀಪುಗಳಲ್ಲಿ ಮುಂದಿನ ಹಿಂದಿನ ಅಚ್ಚು ಬಿಗಿಯಾಗಿ ಸೇರಿಬಿಡುತ್ತೆ, ಗಟ್ಟಿ ರಸ್ತೆಯ ತಿರುವಿನಲ್ಲಿ ಗೇರು, ಶಾಫ್ಟು ಎಳೆದಾಡುತ್ತೆ. ಅದು ಬೇಕಾಗೋದು ತಂಗೋ ಜಾಗದಲ್ಲಿ. ಗದ್ದೆ, ಕೆಸರು, ತೋಟದ ಏರು ಬಂದಾಗ ಫೋರ್ ಲೋ ಹಾಕಿ, ಗಾಡಿ ತಾನೇ ನಿಧಾನಕ್ಕೆ ಎಳ್ಕೊಂಡು ಹೋಗುತ್ತೆ, ಕ್ಲಚ್ ಉಳಿಯುತ್ತೆ.

ಕೊಂಡಿ ವಿಷಯ. ಟ್ರ್ಯಾಕ್ಟರ್‌ಗೆ ಬಳೆ, ಪಿನ್ನು ಇದ್ರೆ ನಡೆಯುತ್ತೆ. ಅದು ನಿಧಾನದ ಗಾಡಿ, ಅಲ್ಲಿ ಲೊಡಕ್ ಲೊಡಕ್ ಅಂದ್ರೂ ತಡ್ಕೊಳ್ಳುತ್ತೆ. ಹೆದ್ದಾರೀಲಿ ಹೋಗೋ ಜೀಪಿಗೆ ಆ ಸಡಿಲ ಆಗಲ್ಲ. 50 ಮಿ.ಮೀ. ಗುಂಡು, ಅದರ ಮೇಲೆ ಕೂತು ಲಾಕ್ ಆಗೋ ಕೊಂಡಿ ಬೇಕು. ಗುಂಡಿನ ಕಬ್ಬಿಣ ಜೀಪಿನ ಚಾಸಿಗೆ ಬೋಲ್ಟ್ ಆಗಿರಬೇಕು, ಬಂಪರಿಗಲ್ಲ. ಲಾಕ್ ಸರಿಯಾಗಿ ಕೂತಿದೆಯಾ ಅಂತ ನೋಡೋಕೆ ಒಂದು ಉಪಾಯ: ಕೊಂಡಿ ಹಾಕಿದ ಮೇಲೆ ಟ್ರೈಲರ್ ಮೂತಿಗೆ ಜಾಕ್ ಕೊಟ್ಟು ಎತ್ತಿ. ಜೀಪಿನ ಹಿಂಭಾಗವೂ ಜೊತೆಗೆ ಎದ್ದರೆ ಲಾಕ್ ಆಗಿದೆ. ಮೂತಿ ಮಾತ್ರ ಎದ್ದರೆ ಆಗಿಲ್ಲ. ಎರಡು ಸರಪಳಿ ಕೊಂಡಿಯ ಕೆಳಗೆ ಅಡ್ಡಡ್ಡ ಕತ್ತರಿ ಹಾಕಿದ ಹಾಗೆ ಹಾಕಿ. ಕೊಂಡಿ ಬಿಟ್ಟರೂ ಮೂತಿ ನೆಲಕ್ಕೆ ಕುಟ್ಟದೆ ಸರಪಳಿ ಮೇಲೆ ಕೂರುತ್ತೆ.

ದೀಪ. ಬೆಳಗಿನ ಜಾವ ಬಿ.ಎಚ್. ರಸ್ತೇಲಿ ಹಿಂದೆ ದೀಪ ಇಲ್ಲದ ಟ್ರೈಲರ್ ಯಮನ ಗಾಡಿ. ಕಬ್ಬು ಹೇರಿದ ಟ್ರ್ಯಾಕ್ಟರ್‌ಗೆ ಬೈಕು ಗುದ್ದಿದ ಸುದ್ದಿ ನಾವೇ ಎಷ್ಟು ಓದಿಲ್ಲ. ಬ್ರೇಕ್ ದೀಪ, ಇಂಡಿಕೇಟರ್, ಹಿಂದಿನ ಕೆಂಪು ದೀಪ ಮೂರೂ ಜೀಪಿನ ಜೊತೆಗೇ ಹತ್ತಬೇಕು. ಹಿಂದೆ, ಪಕ್ಕದಲ್ಲಿ ರೇಡಿಯಂ ಸ್ಟಿಕ್ಕರ್. ನಡೆಯೋರ ಬೆನ್ನಿನ ಚೀಲಕ್ಕೂ ಒಂದೊಂದು ತುಂಡು ಅಂಟಿಸಿ, ಖರ್ಚು ಏನೂ ಇಲ್ಲ.

ಕಾನೂನು ಎರಡೇ ಮಾತಲ್ಲಿ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಮೋಟಾರು ವಾಹನ ಅಂದ್ರೆ ಟ್ರೈಲರ್ರೂ ಸೇರುತ್ತೆ. ಎಂಜಿನ್ ಇಲ್ಲದಿದ್ರೂ ಅದಕ್ಕೆ ತನ್ನದೇ ನೋಂದಣಿ ಬೇಕು, ವಿಮೆ ಬೇಕು. ವೆಲ್ಡಿಂಗ್ ಶಾಪಿನಲ್ಲಿ ಹೊಸದಾಗಿ ಮಾಡಿಸೋ ಯೋಚನೆ ಇದ್ರೆ, ಕಬ್ಬಿಣ ಕೊಳ್ಳೋ ಮುಂಚೆ ತಿಪಟೂರಿನ ಆರ್‌ಟಿಓ ಕಚೇರೀಲಿ ಕೇಳಿ. ಮಾಡಿಸಿದ ಮೇಲೆ ನೋಂದಣಿ ಆಗಲ್ಲ ಅಂದ್ರೆ ಅದು ತೋಟದೊಳಗೆ ಗೊಬ್ಬರ ಹೊರೋಕೆ ಮಾತ್ರ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ಕಾಲು ಬೊಬ್ಬೆ ಬಂದೋರನ್ನ, ಸುಸ್ತಾದೋರನ್ನ "ಟ್ರೈಲರ್ ಹತ್ತಿ, ಮುಂದಿನ ಊರಿಗೆ ಬಿಡ್ತೀವಿ" ಅಂತ ಕೂರಿಸಬೇಡಿ. ಎಷ್ಟೇ ಕೇಳಿಕೊಂಡ್ರೂ ಬೇಡ. ನಮ್ಮ ಕಡೆ ಮದುವೆ, ಜಾತ್ರೆ ಅಂದ್ರೆ ಟ್ರೈಲರ್ ತುಂಬ ಜನ ಹೋಗೋದು ಅಭ್ಯಾಸ ಆಗಿಬಿಟ್ಟಿದೆ. 2022ರ ಅಕ್ಟೋಬರ್ 1ರಂದು ಉತ್ತರ ಪ್ರದೇಶದ ಕಾನ್ಪುರ ಹತ್ರ ದೇವಸ್ಥಾನದಿಂದ ವಾಪಸ್ ಬರ್ತಿದ್ದ ಟ್ರ್ಯಾಕ್ಟರ್ ಟ್ರೈಲರ್ ಕೆರೆಗೆ ಮಗುಚಿ 25ಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನೋರು ಹೆಂಗಸರು, ಮಕ್ಕಳು. ಎರಡು ಚಕ್ರದ ಟ್ರೈಲರ್‌ನಲ್ಲಂತೂ ನಾಲ್ಕು ಜನ ಹಿಂದಕ್ಕೆ ಕೂತರೆ ಮುಂಬಾರದ ಲೆಕ್ಕ ಎಲ್ಲ ನೀರು ಪಾಲು. ಸುಸ್ತಾದೋರು ಜೀಪಿನ ಒಳಗೆ ಕೂರಲಿ, ಜಾಗ ಇಲ್ಲಾಂದ್ರೆ ಬಸ್ಸು ಇದೆ.

ಇಷ್ಟೆಲ್ಲ ಓದಿದ ಮೇಲೆ, ಇಷ್ಟು ತಾಪತ್ರಯ ಯಾಕಪ್ಪ, ಒಂದು ಪಿಕಪ್ ಬಾಡಿಗೆಗೆ ತಗೊಂಡ್ರಾಗಲ್ವಾ ಅನ್ನಿಸಬಹುದು. ನಿಜ ಹೇಳಬೇಕಂದ್ರೆ ಹೆಚ್ಚಿನ ತಂಡಗಳಿಗೆ ನಾನೂ ಅದನ್ನೇ ಹೇಳ್ತೀನಿ. ನಾಲ್ಕು ಚಕ್ರಕ್ಕೂ ಬ್ರೇಕ್ ಇದೆ, ಬಾಲ ಹೊಡೆಯಲ್ಲ, ರಿವರ್ಸ್ ತೆಗೆಯೋಕೆ ಸುಲಭ. ಟ್ರ್ಯಾಕ್ಟರ್ ರಿವರ್ಸ್ ತೆಗೆದು ಪಳಗಿದೋರೂ ಈ ಚಿಕ್ಕ ಟ್ರೈಲರ್ ಮುಂದೆ ಬೆವರ್ತಾರೆ. ಉದ್ದ ಕಮ್ಮಿ ಇರೋದರಿಂದ ಅದು ಕಣ್ಣು ಮಿಟುಕಿಸೋದರೊಳಗೆ ಅಡ್ಡ ತಿರುಗಿಬಿಡುತ್ತೆ. ಸ್ಟೇರಿಂಗಿನ ಕೆಳಭಾಗ ಹಿಡ್ಕೊಂಡು, ಟ್ರೈಲರ್ ಹಿಂಭಾಗ ಯಾವ ಕಡೆ ಹೋಗಬೇಕೋ ಆ ಕಡೆ ಕೈ ಸರಿಸೋದು ರೂಢಿ ಮಾಡ್ಕೊಳ್ಳಿ, ಸ್ವಲ್ಪ ಸ್ವಲ್ಪವೇ.

ನಾವು ಟ್ರೈಲರ್ರೇ ಇಟ್ಕೊಂಡಿರೋದಕ್ಕೆ ಒಂದೇ ಕಾರಣ. ತಂಗೋ ಜಾಗಕ್ಕೆ ಹೋಗಿ, ಚಕ್ರಕ್ಕೆ ಕಲ್ಲು ಕೊಟ್ಟು, ಕೊಂಡಿ ಬಿಚ್ಚಿದ್ರೆ ಅಡುಗೆ ಅಲ್ಲೇ ನಡೆಯುತ್ತೆ, ಜೀಪು ಬಿಡುವಾಗುತ್ತೆ. ಹೋದ ವರ್ಷ ನಡೀತಾ ನಡೀತಾ ಒಬ್ಬರಿಗೆ ಎದೆ ಹಿಡಿದ ಹಾಗಾಯ್ತು. ಒಲೆ ಮೇಲೆ ಅನ್ನ ಬೇಯ್ತಿತ್ತು, ಜೀಪು ಐದು ನಿಮಿಷಕ್ಕೆ ಹೋಗಿ ಅವರನ್ನ ಆಸ್ಪತ್ರೆಗೆ ಸೇರಿಸಿತು. ಸಾಮಾನೆಲ್ಲ ಜೀಪಿನಲ್ಲೋ ಪಿಕಪ್‌ನಲ್ಲೋ ಇದ್ದಿದ್ರೆ, ಮೊದಲು ಇಳಿಸಬೇಕಿತ್ತು. ಅವರು ಈಗ ಆರಾಮಾಗಿದ್ದಾರೆ, ಈ ವರ್ಷವೂ ಪಟ್ಟೀಲಿ ಹೆಸರು ಬರೆಸಿದ್ದಾರೆ, ನಡಿಗೆ ಬೇಡ ಅಂದ್ರೂ ಕೇಳ್ತಿಲ್ಲ.

ಮುಂದಿನ ಎರಡು ಭಾನುವಾರ ಬೆಳಿಗ್ಗೆ ನಮ್ಮ ಕಣದಲ್ಲಿ ತೂಕದ ಯಂತ್ರ ಹೊರಗೇ ಇರುತ್ತೆ. ಯಾವ ತಂಡದೋರಾದ್ರೂ ಸರಿ, ಟ್ರೈಲರ್ ತುಂಬಿಕೊಂಡು ಬನ್ನಿ, ಕೊಂಡಿ ಭಾರ ನೋಡಿಕೊಂಡು ಹೋಗಿ. ಸಾಮಾನು ಜೋಡಿಸೋಕೆ ಹುಡುಗರು ಇರ್ತಾರೆ. ಮಾವನೂ ಬರ್ತೀನಿ ಅಂದಿದ್ದಾರೆ, ಕುರ್ಚಿ ಹಾಕಿಡಿ ಅಂದ್ರು. ಮರದ ತುಂಡು, ಕಲ್ಲು ಇಲ್ಲೇ ಇವೆ. ಬರುವಾಗ ಟ್ರೈಲರ್‌ನ ಹಿಂದಿನ ದೀಪ ಹತ್ತುತ್ತಾ ಅಂತ ಮಾತ್ರ ಮನೇಲೇ ನೋಡ್ಕೊಂಡು ಹೊರಡಿ.